ಅರಸೀಕೆರೆ, ಬೇಲೂರು, ಹಳೇಬೀಡು ಪ್ರದೇಶದಲ್ಲಿ ರೋಗಿಗಳ ವರ್ಗಾವಣೆ: ಒಂದು ಚಾರಿತ್ರಿಕ ಅವಲೋಕನ

ಬೇಲೂರು ಮತ್ತು ಹಳೇಬೀಡುಗಳನ್ನು ಕುರಿತ ಚಾರಿತ್ರಿಕ ಬರವಣಿಗೆಯ ಬಹುಪಾಲು ಹೊಯ್ಸಳರ ದೇವಾಲಯ, ಶಾಸನ ಮತ್ತು ಶಿಲ್ಪಗಳಿಗೆ ಮೀಸಲಾಗಿದೆ. 2023ರ ಸೆಪ್ಟೆಂಬರ್‌ನಲ್ಲಿ ಈ ಎರಡು ಊರುಗಳ ದೇವಾಲಯಗಳು ಸೋಮನಾಥಪುರದ ದೇವಾಲಯದೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಆ ಒಲವು ಇನ್ನಷ್ಟು ಗಟ್ಟಿಯಾಗಿದೆ. ಅರಸೀಕೆರೆಯ ಹೆಸರು ಈಶ್ವರ ದೇವಾಲಯ ಮತ್ತು ಸಹಸ್ರಕೂಟ ಜಿನಾಲಯಗಳ ಪ್ರಸ್ತಾಪದಲ್ಲಿ, ಅದು ಬಿಟ್ಟರೆ ತೆಂಗಿನ ವ್ಯಾಪಾರ ಮತ್ತು ರೈಲ್ವೆ ಜಂಕ್ಷನ್ನಿನ ಪ್ರಸ್ತಾಪದಲ್ಲಿ ಬರುತ್ತದೆ. ಈ ಸೀಮೆಯ ಜನರು ಕಾಯಿಲೆ ಬಿದ್ದಾಗ ಎಲ್ಲಿಗೆ ಹೋಗುತ್ತಿದ್ದರು, ಸ್ಥಳೀಯ ವೈದ್ಯರ ಕೈ ಮೀರಿದ ರೋಗಿಯನ್ನು ಯಾರು, ಯಾವ ದಾರಿಯಲ್ಲಿ, ಎಲ್ಲಿಗೆ ಸಾಗಿಸುತ್ತಿದ್ದರು ಎಂಬ ಪ್ರಶ್ನೆ ಇತಿಹಾಸಕಾರರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ.

ಹಾಸನ ಜಿಲ್ಲೆಯ ಆಡುಮಾತಿನಲ್ಲಿ ಇದಕ್ಕೆ ಒಂದು ನುಡಿಗಟ್ಟಿದೆ. ತಾಲ್ಲೂಕು ವೈದ್ಯರು ರೋಗಿಯನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದರೆ ‘ಹಾಸನಕ್ಕೆ ಬರೆದುಕೊಟ್ಟರು’ ಎನ್ನುತ್ತಾರೆ. ಚೀಟಿ ಬರೆಯುವವನು ವೈದ್ಯ. ವಾಹನ, ಹಣ, ಜೊತೆಗೆ ಹೋಗುವ ಜನ ಇವೆಲ್ಲ ರೋಗಿಯ ಮನೆಯವರ ಪಾಲು. ಒಂದು ಶತಮಾನಕ್ಕೂ ಮೀರಿದ ಅವಧಿಯಲ್ಲಿ ಈ ಬರೆದುಕೊಡುವ ಪದ್ಧತಿ ಹೇಗೆ ರೂಪುಗೊಂಡಿತು, ಕಾಗದದ ಮೇಲಿನ ಮೆಟ್ಟಿಲುಗಳಿಗೂ ನೆಲದ ಮೇಲಿನ ದಾರಿಗಳಿಗೂ ಎಷ್ಟರಮಟ್ಟಿಗೆ ಹೊಂದಿಕೆಯಾಯಿತು, ಮೇಲಕ್ಕೆ ಹೋದ ರೋಗಿಯನ್ನು ಮರಳಿ ಕೆಳಗಿನ ಹಂತದ ಆರೈಕೆಗೆ ತರುವ ವ್ಯವಸ್ಥೆ ಏಕೆ ಬೆಳೆಯಲಿಲ್ಲ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮಧ್ಯಕಾಲೀನ ಕರ್ನಾಟಕದಲ್ಲಿ ರೋಗಿಗಳಿಗೆ ಆಶ್ರಯವಿತ್ತ ಸಂಸ್ಥೆಗಳು ಇರಲಿಲ್ಲವೆಂದಲ್ಲ. ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತ 1162ರ ಶಾಸನವು ಆ ಮಠವನ್ನು ವಿದ್ಯಾಸ್ಥಾನವೆಂದು ಬಣ್ಣಿಸುವುದರ ಜೊತೆಗೆ ಅನಾಥರಾದ ರೋಗಿಗಳಿಗೆ ಔಷಧೋಪಚಾರ ದೊರೆಯುವ ಸ್ಥಾನವೆಂದೂ ಹೇಳುತ್ತದೆ. ಆದರೆ ಒಂದು ಚಿಕಿತ್ಸಾಸ್ಥಾನದಿಂದ ಇನ್ನೊಂದಕ್ಕೆ, ಅದಕ್ಕಿಂತ ಹೆಚ್ಚಿನ ಸಾಮರ್ಥ್ಯವುಳ್ಳ ಕಡೆಗೆ ರೋಗಿಯನ್ನು ಕ್ರಮಬದ್ಧವಾಗಿ ದಾಟಿಸುವುದು ಆಧುನಿಕ ಕಲ್ಪನೆ. ಅದು ಮೈಸೂರು ಸಂಸ್ಥಾನಕ್ಕೆ ಬಂದದ್ದು ಸರ್ಕಾರಿ ವೈದ್ಯಕೀಯ ಇಲಾಖೆಯ ಮೂಲಕ.

1881ರಲ್ಲಿ ಮೈಸೂರು ಅರಸರಿಗೆ ರಾಜ್ಯಾಧಿಕಾರ ಮರಳಿದ ನಂತರದ ಎರಡು ದಶಕಗಳಲ್ಲಿ ತಾಲ್ಲೂಕು ಕೇಂದ್ರಗಳಲ್ಲಿ ಚಿಕಿತ್ಸಾಲಯಗಳನ್ನು ತೆರೆಯುವ ಕಾರ್ಯ ಚುರುಕಾಯಿತು. ಜಿಲ್ಲೆಗೊಬ್ಬ ಸಿವಿಲ್ ಸರ್ಜನ್, ಅವರ ಕೆಳಗೆ ಅಸಿಸ್ಟೆಂಟ್ ಸರ್ಜನ್, ತಾಲ್ಲೂಕು ಚಿಕಿತ್ಸಾಲಯಗಳಲ್ಲಿ ಹಾಸ್ಪಿಟಲ್ ಅಸಿಸ್ಟೆಂಟ್ ಎಂಬ ಶ್ರೇಣಿ ಏರ್ಪಟ್ಟಿತು. ಇದು ಅಧಿಕಾರಿಗಳ ಶ್ರೇಣಿಯೇ ಹೊರತು ಚಿಕಿತ್ಸೆಯ ಶ್ರೇಣಿಯಾಗಿರಲಿಲ್ಲ ಎಂಬುದು ಗಮನಾರ್ಹ. ವರದಿಗಳೂ ಔಷಧಿಯ ಬೇಡಿಕೆ ಪಟ್ಟಿಗಳೂ ಕ್ರಮವಾಗಿ ಮೇಲಕ್ಕೆ ಹೋಗುತ್ತಿದ್ದವು; ರೋಗಿ ಹೋಗಬೇಕೆಂಬ ವಿಧಿ ಇರಲಿಲ್ಲ. ಹಾಸನ ಜಿಲ್ಲೆಯೇ 1882ರಿಂದ 1886ರವರೆಗೆ ಸ್ವತಂತ್ರ ಜಿಲ್ಲೆಯಾಗಿ ಉಳಿದಿರಲಿಲ್ಲವಾದ್ದರಿಂದ ಜಿಲ್ಲಾ ಆಸ್ಪತ್ರೆ ಎಂಬ ಕಲ್ಪನೆಗೂ ಆಗ ಭದ್ರವಾದ ನೆಲೆ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೆಸ್ಲಿಯನ್ ಮಿಷನ್ ಹಾಸನದಲ್ಲಿ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯನ್ನು ಸ್ಥಾಪಿಸಿತು. ಅಲ್ಲಿಗೆ ಬರಲು ಯಾವ ಚೀಟಿಯೂ ಬೇಕಿರಲಿಲ್ಲ.

ಈ ಸೀಮೆಯ ರೋಗಿಗಳ ದಾರಿಯನ್ನು ನಿರ್ಧರಿಸಿದ ಮೊದಲ ದೊಡ್ಡ ಸಂಗತಿ ವೈದ್ಯಕೀಯ ಇಲಾಖೆಯದಲ್ಲ, ರೈಲಿನದು. 1889ರ ಸುಮಾರಿಗೆ ಬೆಂಗಳೂರಿನಿಂದ ಹರಿಹರದತ್ತ ಸಾಗಿದ ಮೀಟರ್ ಗೇಜ್ ಮಾರ್ಗ ಅರಸೀಕೆರೆಯ ಮೂಲಕ ಹಾದುಹೋಯಿತು. ಹಿಂದೆ ಹಾರನಹಳ್ಳಿಗಿದ್ದ ಮಹತ್ವ ಅರಸೀಕೆರೆಗೆ ಸರಿಯಿತು. 1918ರ ಸುಮಾರಿಗೆ ಮೈಸೂರಿನಿಂದ ಹಾಸನದ ಮೂಲಕ ಬಂದ ಮಾರ್ಗವೂ ಇಲ್ಲಿಯೇ ಕೂಡಿಕೊಂಡಿತು. ರೈಲು ಹಾದಿಯಲ್ಲಿ ಅರಸೀಕೆರೆಯಿಂದ ಬೆಂಗಳೂರಿಗೂ ಮೈಸೂರಿಗೂ ಹೆಚ್ಚುಕಡಿಮೆ ಒಂದೇ ದೂರ, ಸುಮಾರು 165 ಕಿ.ಮೀ. 1900ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಪ್ರಾರಂಭವಾಯಿತು. ಮೈಸೂರಿನಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆ ಬೆಳೆಯಿತು. 1924ರಲ್ಲಿ ಸ್ಥಾಪನೆಯಾದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಸ್ಥಳಾಂತರಗೊಂಡಿತು. ಸಂಸ್ಥಾನದ ಎರಡು ಅತಿ ದೊಡ್ಡ ಆಸ್ಪತ್ರೆಗಳು ಒಂದೇ ನಿಲ್ದಾಣದಿಂದ ಟಿಕೆಟ್ ಪಡೆದು ತಲುಪಬಹುದಾದ ಊರುಗಳಲ್ಲಿದ್ದವು. ಹಳೇಬೀಡಿಗೆ ಹತ್ತಿರದ ರೈಲು ನಿಲ್ದಾಣ ಬಾಣಾವರ; ಬಹುಕಾಲ ಪ್ರವಾಸಿಗಳು ಅಲ್ಲಿ ಇಳಿದು ಗಾಡಿ ಹಿಡಿದು ಹಳೇಬೀಡಿಗೆ ಬರುತ್ತಿದ್ದರು. ಹಳೇಬೀಡಿನಿಂದ ದೂರದ ಆಸ್ಪತ್ರೆಗೆ ಹೊರಟವರಿಗೂ ರೈಲೇರಲು ಹತ್ತಿರವಾಗಿದ್ದುದು ಅದೇ ನಿಲ್ದಾಣ.

ರೈಲು ರೋಗಿಯನ್ನಷ್ಟೇ ಅಲ್ಲ, ರೋಗವನ್ನೂ ಸಾಗಿಸಿತು. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನ ಮೂಲಕ ಪ್ಲೇಗು ಬೆಂಗಳೂರನ್ನು ಪ್ರವೇಶಿಸಿತು. ಅರಸೀಕೆರೆ ಇದ್ದದ್ದು ಅದೇ ಮಾರ್ಗದ ಮೇಲೆ. ಪ್ಲೇಗಿನ ಕಾಲದಲ್ಲಿ ಸರ್ಕಾರ ಕೈಗೊಂಡ ಪ್ರಯಾಣಿಕರ ತಪಾಸಣೆ, ರೋಗಿಗಳ ಪ್ರತ್ಯೇಕೀಕರಣ, ಊರ ಹೊರಗಿನ ಶಿಬಿರಗಳಿಗೆ ಸ್ಥಳಾಂತರ ಇವೆಲ್ಲ ರೋಗಿಯನ್ನು ಅಧಿಕಾರಬಲದಿಂದ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿದ ಮೊದಲ ವ್ಯಾಪಕ ಅನುಭವಗಳು. ಅಲ್ಲಿ ಉದ್ದೇಶ ರೋಗಿಗೆ ತಕ್ಕ ಚಿಕಿತ್ಸೆಗಿಂತ ಹೆಚ್ಚಾಗಿ ಊರಿನ ರಕ್ಷಣೆಯಾಗಿತ್ತು. ಸರ್ಕಾರಿ ಆಸ್ಪತ್ರೆಯನ್ನು ಕುರಿತು ಜನರಲ್ಲಿ ಬೇರೂರಿದ ಭಯಕ್ಕೆ ಆ ದಿನಗಳ ಪಾಲು ಸಾಕಷ್ಟಿದೆ ಎಂದು ಹೇಳಿದರೆ ತಪ್ಪಾಗಲಾರದು.

ಬೇಲೂರಿನ ಸ್ಥಿತಿ ಬೇರೆ. ಅದು ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ಅಂಚಿನಲ್ಲಿದೆ. ತಾಲ್ಲೂಕಿನ ಪೂರ್ವದ ಹಳೇಬೀಡು ಹೋಬಳಿ ಬಯಲಿನತ್ತ ಮುಖ ಮಾಡಿದರೆ, ಪಶ್ಚಿಮದ ಅರೇಹಳ್ಳಿ, ಬಿಕ್ಕೋಡು ಹೋಬಳಿಗಳು ಕಾಫಿ ತೋಟಗಳ ಸೀಮೆ. ಮಲೆನಾಡಿನ ಮಲೇರಿಯಾ ಆ ಕಾಲದಲ್ಲಿ ಹಳ್ಳಿಗಳನ್ನು ಬರಿದುಮಾಡುವಷ್ಟು ತೀವ್ರವಾಗಿತ್ತು. ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ಆರಂಭಿಸಿದ ಮಲೇರಿಯಾ ಸಂಶೋಧನ ಕೇಂದ್ರಗಳಲ್ಲಿ ಒಂದು ಬೇಲೂರಿಗೆ ನೆರೆಯ ಮೂಡಿಗೆರೆಯಲ್ಲಿತ್ತು. ಜ್ವರದ ರೋಗಿಯನ್ನು ದೂರದ ಆಸ್ಪತ್ರೆಗೆ ಸಾಗಿಸುವುದಕ್ಕಿಂತ ಸೊಳ್ಳೆಯನ್ನು ಹುಟ್ಟುವಲ್ಲಿಯೇ ತಡೆಯುವುದು ಸರಿಯಾದ ಹಂತದ ಆರೈಕೆ ಎಂಬ ತಿಳಿವಳಿಕೆ ಆ ಕೇಂದ್ರಗಳ ಕೆಲಸದ ಹಿಂದಿತ್ತು. ಅದೇ ಸಹಕಾರದ ಮುಂದುವರಿಕೆಯಾಗಿ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, 1930ರ ದಶಕದ ಮಧ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕವೊಂದು ರೂಪುಗೊಂಡಿತು.

ಕಾಫಿ ತೋಟಗಳ ಪ್ರಸ್ತಾಪ ಬಂದುದರಿಂದ ಒಂದು ಕಾಯಿದೆಯನ್ನು ಇಲ್ಲಿ ನೆನೆಯಬೇಕು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯ ಅಡಿಯಲ್ಲಿ ರಾಜ್ಯಗಳು ರೂಪಿಸಿದ ನಿಯಮಗಳಲ್ಲಿ ತೋಟದ ಆಸ್ಪತ್ರೆ ಮತ್ತು ಹಲವು ತೋಟಗಳಿಗೆ ಸೇರಿದ ಸಮೂಹ ಆಸ್ಪತ್ರೆ ಎಂಬ ಎರಡು ಬಗೆಗಳನ್ನು ಗುರುತಿಸಲಾಯಿತು. ಸಾಮಾನ್ಯ ಕಾಯಿಲೆ, ಹೆರಿಗೆ ಮೊದಲಾದವು ತೋಟದ ಆಸ್ಪತ್ರೆಯ ಪಾಲಿಗೆ. ಹೆಚ್ಚಿನ ಪರೀಕ್ಷೆ ಬೇಕಾದವರು ತೋಟದ ವೈದ್ಯರ ಶಿಫಾರಸಿನ ಮೇಲೆ ಸಮೂಹ ಆಸ್ಪತ್ರೆಗೆ. ಯಾವ ರೋಗಿ ಯಾವ ಹಂತದಲ್ಲಿರಬೇಕು ಎಂಬುದನ್ನು ಇಷ್ಟು ನಿಚ್ಚಳವಾಗಿ ಹೇಳಿದ ಶಾಸನಬದ್ಧ ನಿಯಮ ಸಾರ್ವಜನಿಕ ಆಸ್ಪತ್ರೆಗಳಿಗೂ ಆಗ ಇರಲಿಲ್ಲ. ದೊಡ್ಡ ಕಂಪೆನಿ ತೋಟಗಳನ್ನು ಬಿಟ್ಟು ಸಣ್ಣ ಹಿಡುವಳಿಗಳ ಕೂಲಿಕಾರರಿಗೆ ಇದರ ಪ್ರಯೋಜನ ತಲುಪಲಿಲ್ಲವೆಂಬುದು ಬೇರೆ ಮಾತು.

ಮೆಟ್ಟಿಲುಗಳ ಕಲ್ಪನೆಯನ್ನು ಇಡೀ ದೇಶಕ್ಕೆ ಅನ್ವಯಿಸಿ ಹೇಳಿದ್ದು 1946ರ ಭೋರ್ ಸಮಿತಿಯ ವರದಿ. ಅದರ ದೀರ್ಘಾವಧಿ ಯೋಜನೆಯಂತೆ 10,000ದಿಂದ 20,000 ಜನಕ್ಕೆ 75 ಹಾಸಿಗೆಗಳ ಪ್ರಾಥಮಿಕ ಆಸ್ಪತ್ರೆ, ಅದರ ಮೇಲೆ 650 ಹಾಸಿಗೆಗಳ ದ್ವಿತೀಯ ಹಂತ, ಜಿಲ್ಲೆಯಲ್ಲಿ 2,500 ಹಾಸಿಗೆಗಳ ಆಸ್ಪತ್ರೆ ಇರಬೇಕಾಗಿತ್ತು. ತಾತ್ಕಾಲಿಕವಾಗಿ 40,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂದು ಸೂಚಿಸಲಾಗಿತ್ತು. ಸ್ವಾತಂತ್ರ್ಯಾನಂತರ ಸಮುದಾಯ ಅಭಿವೃದ್ಧಿ ಯೋಜನೆಯೊಂದಿಗೆ 1952ರಿಂದ ಜಾರಿಗೆ ಬಂದದ್ದು ಆ ತಾತ್ಕಾಲಿಕ ರೂಪ ಮಾತ್ರ. ಮುಂದೆ ಪ್ರಾಥಮಿಕ ಕೇಂದ್ರಕ್ಕೆ 30,000, ಗುಡ್ಡಗಾಡಿನಲ್ಲಿ 20,000. 30 ಹಾಸಿಗೆಗಳ ಸಮುದಾಯ ಆರೋಗ್ಯ ಕೇಂದ್ರಕ್ಕೆ 1,20,000, ಗುಡ್ಡಗಾಡಿನಲ್ಲಿ 80,000 ಎಂಬ ಮಾನಗಳು ಬಂದವು. ಎಲ್ಲವೂ ಜನಸಂಖ್ಯೆಯ ಲೆಕ್ಕ. ದಾರಿಯ ಲೆಕ್ಕ ಎಲ್ಲಿಯೂ ಇಲ್ಲ.

ದಾರಿಯ ಲೆಕ್ಕ ಹಿಡಿದರೆ ಚಿತ್ರ ಬದಲಾಗುತ್ತದೆ. ಹಳೇಬೀಡಿನಿಂದ ಬೇಲೂರು ಪಶ್ಚಿಮಕ್ಕೆ ಸುಮಾರು 16 ಕಿ.ಮೀ.; ಹಳೇಬೀಡಿನಿಂದ ಹಾಸನ ದಕ್ಷಿಣಕ್ಕೆ ಸುಮಾರು 30 ಕಿ.ಮೀ.; ಬೇಲೂರಿನಿಂದ ಹಾಸನ ಸುಮಾರು 40 ಕಿ.ಮೀ. ಹಳೇಬೀಡಿನ ರೋಗಿ ವ್ಯವಸ್ಥೆಯ ಮೆಟ್ಟಿಲನ್ನು ತಪ್ಪದೆ ಹತ್ತಬೇಕಾದರೆ ಮೊದಲು ತಾಲ್ಲೂಕು ಆಸ್ಪತ್ರೆಗೆಂದು ಬೇಲೂರಿಗೆ, ಅಲ್ಲಿಂದ ಹಾಸನಕ್ಕೆ, ಒಟ್ಟು 56 ಕಿ.ಮೀ. ಸಾಗಬೇಕು. ಮೆಟ್ಟಿಲನ್ನು ಬಿಟ್ಟು ನೇರವಾಗಿ ಹೋದರೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದೂರ. ಜನರು ನಿಯಮ ಮೀರಿ ನೇರವಾಗಿ ದೊಡ್ಡಾಸ್ಪತ್ರೆಗೆ ನುಗ್ಗುತ್ತಾರೆ ಎಂದು ಆಡಳಿತ ವಲಯದಲ್ಲಿ ಕೇಳಿಬರುವ ದೂರನ್ನು ಈ ಲೆಕ್ಕದ ಜೊತೆಗಿಟ್ಟು ನೋಡಬೇಕು. ಹಳೇಬೀಡಿನವರ ಮಟ್ಟಿಗೆ ಅದು ಅಜ್ಞಾನವಲ್ಲ, ಭೂಗೋಳ.

ಬೇಲೂರಿನದು ಇನ್ನೊಂದು ವಿಲಕ್ಷಣ. ಅಲ್ಲಿಂದ ಚಿಕ್ಕಮಗಳೂರು ಸುಮಾರು 25 ಕಿ.ಮೀ., ಹಾಸನಕ್ಕಿಂತ ಎಷ್ಟೋ ಹತ್ತಿರ. ಅಲ್ಲಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಬೇಲೂರಿನವರಿಗೆ ಭೌಗೋಳಿಕವಾಗಿ ಸಮೀಪದ, ಆಡಳಿತಾತ್ಮಕವಾಗಿ ಪರಕೀಯವಾದ ಆಸ್ಪತ್ರೆ. ಮಲೆನಾಡು ಭಾಗದವರು ಘಟ್ಟವಿಳಿದು ಮಂಗಳೂರು, ಮಣಿಪಾಲಗಳಿಗೆ ಹೋಗುವ ರೂಢಿಯೂ ಇದೆ. ಆದರೆ ಆ ದಾರಿ ಮಳೆಗಾಲದ ಕೃಪೆಯದು. 2018ರ ಆಗಸ್ಟ್‌ನ ಭೂಕುಸಿತಗಳಲ್ಲಿ ಶಿರಾಡಿ ಘಾಟಿನ ರಸ್ತೆಯೂ ರೈಲುಮಾರ್ಗವೂ ಒಟ್ಟಿಗೆ ಮುಚ್ಚಿದ್ದವು. ಬೇಲೂರಿಗಂತೂ ರೈಲು ಮಾರ್ಗ 2020ರ ದಶಕದಲ್ಲೂ ನಿರ್ಮಾಣದ ಹಂತದಲ್ಲೇ ಇತ್ತು. (ದೂರದ ಸಂಶೋಧಕರು ಬೇಲೂರನ್ನು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನೊಂದಿಗೆ ಗೊಂದಲ ಮಾಡಿಕೊಳ್ಳುವುದುಂಟು. 1986ರಲ್ಲಿ ಸ್ಥಾಪಿತವಾದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇರುವುದು ಆ ಬೆಳ್ಳೂರಿನ ಬಳಿ, ಮಂಡ್ಯ ಜಿಲ್ಲೆಯಲ್ಲಿ.)

ಮೇಲಕ್ಕೆ ಕಳುಹಿಸುವ ಬದಲು ಕೆಳಗಿನ ಹಂತದಲ್ಲಿಯೇ ಚಿಕಿತ್ಸೆ ನೀಡಿ ಗೆದ್ದ ನಿದರ್ಶನ ಕ್ಷಯರೋಗದ್ದು. ಹಿಂದೆ ಕ್ಷಯವೆಂದರೆ ಸ್ಯಾನಟೋರಿಯಂ ಎಂದೇ ಅರ್ಥ. ಈ ಸೀಮೆಯಲ್ಲಿ ಅನುಕೂಲವಿದ್ದವರು ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ ಸೇರಬಹುದಿತ್ತು. ಇಲ್ಲದವರು ಮನೆಯ ಜಗಲಿಯಲ್ಲಿ ಕೆಮ್ಮುತ್ತ ಉಳಿಯುತ್ತಿದ್ದರು. 1956ರಲ್ಲಿ ಆರಂಭವಾಗಿ 1959ರಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನವು ಮನೆಯಲ್ಲಿದ್ದು ಮಾತ್ರೆ ತೆಗೆದುಕೊಂಡವರೂ ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣಹೊಂದುತ್ತಾರೆಂದು ತೋರಿಸಿತು. 1959ರಲ್ಲಿಯೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ಅರಸೀಕೆರೆಗೆ ಹೊಂದಿಕೊಂಡಂತಿರುವ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಈ ಲೇಖನದ ದೃಷ್ಟಿಯಿಂದ ಬಹು ಮುಖ್ಯ. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆರೋಗ್ಯ ಸಂಸ್ಥೆಗಳ ಬಾಗಿಲು ತಟ್ಟಿದ್ದರು. ರೋಗಿ ಸರಿಯಾದ ಬಾಗಿಲಿಗೇ ಬಂದಿದ್ದ. ಒಳಗಿದ್ದವರಿಗೆ ಅವನನ್ನು ಗುರುತಿಸಲಾಗಲಿಲ್ಲ. ಕೆಮ್ಮಿನ ಔಷಧಿ ಕೊಟ್ಟು ಕಳುಹಿಸಿದರು. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಕಫ ಪರೀಕ್ಷೆ ಮತ್ತು ಮಾತ್ರೆಗಳನ್ನು ಸಾಮಾನ್ಯ ಆರೋಗ್ಯ ಕೇಂದ್ರಕ್ಕೇ ಇಳಿಸಿತು.

1990ರ ದಶಕದವರೆಗೆ ದ್ವಿತೀಯ ಹಂತದ ಆಸ್ಪತ್ರೆಗಳು, ಅಂದರೆ ಅರಸೀಕೆರೆ, ಬೇಲೂರುಗಳಂಥ ತಾಲ್ಲೂಕು ಆಸ್ಪತ್ರೆಗಳು, ಯೋಜಕರ ಕಣ್ಣಿಗೆ ಬಿದ್ದದ್ದು ಕಡಿಮೆ. 1996ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾಗಿ 2004ರವರೆಗೆ ನಡೆದ ಕರ್ನಾಟಕ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ಆ ಕೊರತೆಯನ್ನು ತುಂಬಲು ಹೊರಟಿತು. ಕಟ್ಟಡ, ಉಪಕರಣಗಳೊಂದಿಗೆ ರೆಫರಲ್ ವ್ಯವಸ್ಥೆಯನ್ನು ಬಲಪಡಿಸುವುದು ಅದರ ಘೋಷಿತ ಉದ್ದೇಶಗಳಲ್ಲಿ ಒಂದು. ಕಟ್ಟಡಗಳು ಎದ್ದವು, ಚೀಟಿಯ ಸಂಸ್ಕೃತಿ ನೆಲೆಗೊಳ್ಳಲಿಲ್ಲ. ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಕಾರ್ಯಪಡೆ 2001ರ ಏಪ್ರಿಲ್‌ನಲ್ಲಿ ಸಲ್ಲಿಸಿದ ವರದಿ ಭ್ರಷ್ಟಾಚಾರ, ಸಾರ್ವಜನಿಕ ಆರೋಗ್ಯದ ಉಪೇಕ್ಷೆ ಮತ್ತು ಪ್ರಾಥಮಿಕ ಆರೋಗ್ಯ ಸೇವೆಯ ವಿರೂಪಗಳನ್ನು ಮುಚ್ಚುಮರೆಯಿಲ್ಲದೆ ಪಟ್ಟಿ ಮಾಡಿತು.

2006ರಲ್ಲಿ ಹಾಸನ ವೈದ್ಯಕೀಯ ವಿಜ್ಞಾನ ಸಂಸ್ಥೆ ಪ್ರಾರಂಭವಾಗಿ ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಬೋಧಕ ಆಸ್ಪತ್ರೆಯಾಯಿತು. ಅರಸೀಕೆರೆ ರೈಲಿನ ಶತಮಾನದ ಪ್ರಾಶಸ್ತ್ಯ ಅಲ್ಲಿಂದ ತಗ್ಗಿತೆನ್ನಬಹುದು: ಮೈಸೂರು, ಬೆಂಗಳೂರುಗಳಿಗೆ ಬರೆದುಕೊಡುತ್ತಿದ್ದ ಎಷ್ಟೋ ಪ್ರಕರಣಗಳು ಹಾಸನದಲ್ಲಿಯೇ ನಿಂತವು. ಆದರೆ ಜಿಲ್ಲಾ ಹಂತ ಮತ್ತು ಬೋಧಕ ಹಂತ ಎರಡೂ ಒಂದೇ ಆವರಣಕ್ಕೆ ಬಂದುದರಿಂದ ನೆಗಡಿಯವನೂ ತಲೆಗೆ ಪೆಟ್ಟುಬಿದ್ದವನೂ ಒಂದೇ ಗೇಟಿನಲ್ಲಿ ಒಳಬರುವಂತಾಯಿತು.

ಚೀಟಿಯ ಜೊತೆಗೆ ವಾಹನ ಬಂದದ್ದು 2008ರ ನವೆಂಬರ್ 1ರಂದು, 108 ಸಂಖ್ಯೆಯ ‘ಆರೋಗ್ಯ ಕವಚ’ದೊಂದಿಗೆ. ಬರೆದುಕೊಡುವ ವೈದ್ಯನ ಹೊಣೆಗೂ ಸಾಗಿಸುವ ಮನೆಯವರ ಹೊಣೆಗೂ ನಡುವೆ ಇದ್ದ ಬಿರುಕನ್ನು ಸರ್ಕಾರ ತನ್ನದೆಂದು ಒಪ್ಪಿಕೊಂಡ ಕ್ಷಣವದು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಬಾಣಂತಿಯನ್ನು ಆಸ್ಪತ್ರೆಯಿಂದ ಮನೆಗೆ ಮರಳಿ ಮುಟ್ಟಿಸುವ ವೆಚ್ಚವನ್ನೂ ಸರ್ಕಾರಕ್ಕೆ ವಹಿಸಿತು. ಕರ್ನಾಟಕದಲ್ಲಿ ಅದಕ್ಕಾಗಿ ಬಂದ ವಾಹನಗಳಿಗೆ ‘ನಗು-ಮಗು’ ಎಂಬ ಹೆಸರಾಯಿತು. ಮೇಲಿನಿಂದ ಕೆಳಕ್ಕೆ ರೋಗಿಯನ್ನು ಕರೆತರುವ, ಸರ್ಕಾರವೇ ವ್ಯವಸ್ಥೆಗೊಳಿಸಿದ ಪಯಣ ಬಹುಕಾಲ ಇದೊಂದೇ. ಲಕ್ವ ಹೊಡೆದವನಿಗೆ, ಕಾಲು ಮುರಿದ ಮುದುಕಿಗೆ, ಕ್ಯಾನ್ಸರಿನ ಕೊನೆಯ ಹಂತದವನಿಗೆ ಅಂಥ ವಾಹನವಿರಲಿಲ್ಲ. ಹಾಸನದಲ್ಲಿ ಹಾಸಿಗೆ ತೆರವಾಗಬೇಕಾಗಿತ್ತು. ಅವರನ್ನು ನೋಡಿಕೊಳ್ಳಬಹುದಾದ ಹಾಸಿಗೆಗಳು ಹಳೇಬೀಡು, ಬಾಣಾವರ, ಜಾವಗಲ್ಲುಗಳಂಥ ಹೋಬಳಿ ಕೇಂದ್ರಗಳಲ್ಲಿ ಇರಬಹುದಿತ್ತು. ಎರಡನ್ನೂ ಕೂಡಿಸುವ ಪದ್ಧತಿ ಇರಲಿಲ್ಲ. ‘ಬರೆದುಕೊಡು’ ಎಂಬ ಕ್ರಿಯಾಪದಕ್ಕೆ ಜೊತೆಯಾಗಿ ಮರಳಿ ಕಳುಹಿಸುವುದಕ್ಕೆ ಒಂದು ಪದವೂ ಈ ಸೀಮೆಯ ಆಡುಮಾತಿನಲ್ಲಿ ಹುಟ್ಟಿಕೊಂಡಿಲ್ಲ. ಬಳಕೆಯಲ್ಲಿರುವುದು ‘ಡಿಸ್ಚಾರ್ಜ್’ ಒಂದೇ.

2018ರ ‘ಆರೋಗ್ಯ ಕರ್ನಾಟಕ’ ಯೋಜನೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತದೊಂದಿಗೆ ಸೇರಿದ ಮೇಲೆ, ಚೀಟಿಯ ಅರ್ಥವನ್ನೇ ಬದಲಿಸಿತು. ಪಟ್ಟಿಯಲ್ಲಿನ ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಯ ಉನ್ನತ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ ರೋಗಿಯ ಸ್ಥಿತಿಯನ್ನು ತಿಳಿಸುವ ಪತ್ರವಾಗಿದ್ದುದು ಹಣದ ಬಾಗಿಲು ತೆರೆಯುವ ಕೀಲಿಯಾಯಿತು. ಇದರಿಂದ ಮೆಟ್ಟಿಲುಗಳಿಗೆ ಮೊದಲ ಬಾರಿಗೆ ಬಲ ಬಂದುದು ನಿಜ. ಪತ್ರದಲ್ಲಿ ರೋಗಿಯ ಬಗೆಗೆ ಬರೆಯುವುದು ಮಾತ್ರ ಅದರಿಂದ ಹೆಚ್ಚಿದಂತೆ ಕಾಣುವುದಿಲ್ಲ.

ರೋಗಿಗಳನ್ನು ಎರಡೂ ದಿಕ್ಕಿನಲ್ಲಿ ಹಂತಕ್ಕೆ ತಕ್ಕಂತೆ ಸಾಗಿಸುವ ವ್ಯವಸ್ಥೆ ಆಚರಣೆಗೆ ಬಂದದ್ದು ಕೋವಿಡ್ ಕಾಲದಲ್ಲಿ. 2020ರ ಏಪ್ರಿಲ್ 7ರ ಕೇಂದ್ರ ಮಾರ್ಗಸೂಚಿ ಸೌಮ್ಯ, ಮಧ್ಯಮ, ತೀವ್ರ ಎಂಬ ಮೂರು ಸ್ಥಿತಿಗಳಿಗೆ ಕೋವಿಡ್ ಆರೈಕೆ ಕೇಂದ್ರ, ಕೋವಿಡ್ ಆರೋಗ್ಯ ಕೇಂದ್ರ, ಕೋವಿಡ್ ಆಸ್ಪತ್ರೆ ಎಂಬ ಮೂರು ಸ್ಥಾನಗಳನ್ನು ಹೊಂದಿಸಿ, ಪ್ರತಿ ಕೆಳಹಂತವನ್ನೂ ನಿರ್ದಿಷ್ಟ ಮೇಲ್ಹಂತಕ್ಕೆ ಜೋಡಿಸಿ, ದಿನವಿಡೀ ಆಂಬ್ಯುಲೆನ್ಸ್ ಇರಬೇಕೆಂದು ವಿಧಿಸಿತು. ವಿದ್ಯಾರ್ಥಿನಿಲಯ, ವಸತಿಶಾಲೆಗಳು ಆರೈಕೆ ಕೇಂದ್ರಗಳಾದವು. ರಾಜ್ಯದಲ್ಲಿ 2021ರ ಎರಡನೆಯ ಅಲೆಯಲ್ಲಿ ಆಮ್ಲಜನಕದ ಹಾಸಿಗೆ ತೆರವುಮಾಡಲು ಚೇತರಿಸಿಕೊಂಡವರನ್ನು ಕೆಳಹಂತಕ್ಕೆ ಇಳಿಸುವ ‘ಸ್ಟೆಪ್‌ಡೌನ್’ ಎಂಬ ಮಾತು ಪತ್ರಿಕೆಗಳಲ್ಲಿ ಸಾಮಾನ್ಯವಾಯಿತು. ಅಲೆ ಇಳಿದೊಡನೆ ಆ ಏರ್ಪಾಡುಗಳು ಮುಚ್ಚಿದವು; ಮಾತೂ ಮರೆಯಾಯಿತು.

2025ರ ಮಧ್ಯದಲ್ಲಿ ಹಾಸನ ಜಿಲ್ಲೆ ಇನ್ನೊಂದು ಕಾರಣಕ್ಕೆ ಸುದ್ದಿಯಾಯಿತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಹೃದಯಾಘಾತದ ಸಾವುಗಳು ವರದಿಯಾದಾಗ ಜನರು ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳನ್ನು ದಾಟಿ ನೇರವಾಗಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ನೆರೆದರು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 20 ಹೃದಯ ಸಂಬಂಧಿಯೆಂದೂ, ಅಸಹಜ ಏರಿಕೆಗೆ ಆಧಾರವಿಲ್ಲವೆಂದೂ ಜುಲೈನಲ್ಲಿ ವರದಿ ನೀಡಿತು. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡುವಂತೆ ಸರ್ಕಾರ ತೀರ್ಮಾನಿಸಿತು. ಆ ಜನಸಂದಣಿಯನ್ನು ಗಾಬರಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಎದೆನೋವು ಬಂದಾಗ ಹತ್ತಿರದ ಆಸ್ಪತ್ರೆ ಬರೆದುಕೊಡುವುದಷ್ಟನ್ನೇ ಮಾಡುತ್ತದೆ ಎಂಬ ತಲೆಮಾರುಗಳ ಅನುಭವವೂ ಆ ಸಾಲಿನಲ್ಲಿ ನಿಂತಿತ್ತು.

ಆ ಅನುಭವವನ್ನು ಬದಲಿಸಬಲ್ಲ ಪ್ರಯತ್ನ ಇದಕ್ಕೆ ಮೊದಲೇ ಆರಂಭವಾಗಿತ್ತು. 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷಗಳಲ್ಲಿ ಜಯದೇವದಂಥ ಕೇಂದ್ರ ಆಸ್ಪತ್ರೆಯ ತಜ್ಞರನ್ನು ತಲುಪುತ್ತದೆ. ಹೃದಯಾಘಾತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಿ, ಅನಂತರ ರೋಗಿಯನ್ನು ಮೇಲಿನ ಆಸ್ಪತ್ರೆಗೆ ಸಾಗಿಸಲಾಗುತ್ತದೆ. ಇಲ್ಲಿ ಮೊದಲು ಪ್ರಯಾಣ ಮಾಡುವುದು ರೋಗಿಯಲ್ಲ, ಅವನ ಇಸಿಜಿ. ಹಾಸನದ ಘಟನೆಗಳ ನಂತರ ಈ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಪ್ರಕಟಿಸಿತು. ಮರಳಿ ಬಂದ ರೋಗಿಯ ರಕ್ತದೊತ್ತಡ ನೋಡುವುದು, ಮಾತ್ರೆ ತಪ್ಪದಂತೆ ಗಮನಿಸುವುದು 2024ರಲ್ಲಿ ಕೋಲಾರದಿಂದ ಆರಂಭವಾಗಿ 2025ರಲ್ಲಿ ಇತರ ಜಿಲ್ಲೆಗಳಿಗೆ ಹಬ್ಬಿದ ‘ಗೃಹ ಆರೋಗ್ಯ’ ಯೋಜನೆಯ ಸಿಬ್ಬಂದಿಯ ಪಾಲಿಗೆ ಬಂದಿದೆ. ಅವರ ಕೈಗೆ ಸಿಗುವ ದಾಖಲೆ ಆಸ್ಪತ್ರೆಯ ಡಿಸ್ಚಾರ್ಜ್ ಹಾಳೆ. ಅದು ಇಂದಿಗೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ, ಮುಂದೆ ನೋಡಿಕೊಳ್ಳಬೇಕಾದ ಆರೋಗ್ಯ ಕೇಂದ್ರದ ಹೆಸರು ಅದರಲ್ಲಿ ಕಾಣುವುದು ಅಪರೂಪ.